ಹುಳದ ಮನೆ ಬಾಗಿಲಿನ ಸೆಂಟು

ಮೇಲೂರಿನ ಚಲಪತಿಗೆ ಹೆಂಡತಿ ನಕ್ಕರೆ ಸಂತೋಷವೇ. ಆದರೆ ಆ ನಗು ಬೇರೆಯವನ ಮಾತಿಗೆ ಬಂತೋ, ಆಸಾಮಿಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ಅವತ್ತು ಅವರ ಮನೆಯ ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನಿರುವ ಹೊತ್ತು. ಸಾಕುವವರಿಗೆ ಬಿಡುವು ಸಿಗುವುದೂ ಆಗಲೇ. ಸುಣ್ಣದ ಪುಡಿ ತರಲು ಚಲಪತಿ ಚಿಕ್ಕಬಳ್ಳಾಪುರಕ್ಕೆ ಹೊರಟಾಗ ಹೆಂಡತಿ ಕವಿತಳೂ ಬೈಕ್ ಹತ್ತಿದಳು.

ಅಂಗಡಿಯಿಂದ ಹೊರಗೆ ಬರುತ್ತಿದ್ದಂತೆ ಯಾರೋ "ಏ ಕವಿತ!" ಎಂದು ಕೂಗಿದರು. ಅವಳ ಜೊತೆ ಡಿಗ್ರಿ ಓದಿದ ಮೋಹನ್‌ಬಾಬು. ಈಗ ಸ್ಟೇಜ್ ಶೋಗಳಿಗೆ ಸೌಂಡ್ ನೋಡಿಕೊಳ್ಳುತ್ತಾನಂತೆ. ಪರಿಚಯ ಮುಗಿಯುವ ಮೊದಲೇ "ಬಾವಾ, ಬಾಗುನ್ನಾರಾ?" ಎಂದು ತೆಲುಗಿನಲ್ಲಿ ಕ್ಷೇಮ ವಿಚಾರಿಸುತ್ತ ಚಲಪತಿಯನ್ನು ಬಾಚಿ ತಬ್ಬಿಕೊಂಡು ಭುಜದ ಮೇಲೆ ಮುಖವಿಟ್ಟ. ಸೆಂಟು ಘಮ್ಮೆಂದಿತು. ಯಾವ ನೆಂಟಸ್ತಿಕೆಯಲ್ಲಿ ತಾನು ಇವನಿಗೆ ಭಾವನಾದೆನೋ ಚಲಪತಿಗೆ ತಿಳಿಯಲಿಲ್ಲ.

"ಊರಾಚೆ ಬಯಲಲ್ಲಿ ಇವತ್ತು ಯಮಲೋಕ ರಾಕ್ ಶೋ ಐತೆ. ಪಾಸ್ ಕೊಡ್ತೀನಿ, ಬಂದ್ಬಿಡಿ ಬಾವಾ."

"ಆಗಲ್ಲಪ್ಪ, ಮನೇಲಿ ಹುಳ ಅವೆ."

"ಜ್ವರಕ್ಕೆ ಕೂತವಲ್ರೀ," ಎಂದಳು ಕವಿತ. "ಬೆಳಗ್ಗೆ ತನಕ ಸೊಪ್ಪು ಹಾಕೋ ಹಂಗಿಲ್ಲ. ಅತ್ತೆಗೆ ಫೋನ್ ಮಾಡ್ತೀನಿ, ಹೋಗಣ."

ಆ "ಹೋಗಣ" ಎಂಬ ಮಾತಿನ ಹುರುಪು ನೋಡಬೇಕಿತ್ತು. ತಾನು ಎಲ್ಲಿಗೆ ಕರೆದರೂ ತಲೆನೋವು ಎನ್ನುವವಳು ಇವಳೇ ಏನು?

ವೇದಿಕೆಯನ್ನೇ ಯಮನ ಆಸ್ಥಾನ ಮಾಡಿದ್ದರು. ಕೊಂಬಿನ ಕಿರೀಟ ಹಾಕಿದ ಯಮ ಗಿಟಾರ್ ಬಾರಿಸುತ್ತಿದ್ದ, ಚಿತ್ರಗುಪ್ತ ಕೀಬೋರ್ಡ್ ಮುಂದೆ ಕುಣಿಯುತ್ತಿದ್ದ, ಡ್ರಮ್ಮಿನವನು ಕೋಣದ ಮುಖವಾಡದೊಳಗೆ ಬೆವರುತ್ತಿದ್ದ. ಆ ಗದ್ದಲದಲ್ಲಿ ಮೋಹನ್‌ಬಾಬು ಕವಿತಳತ್ತ ಬಗ್ಗಿ ಏನೋ ಹೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಏನೆಂದು ಚಲಪತಿಗೆ ಕೇಳಿಸಲಿಲ್ಲ, ಕೇಳಲು ಮರ್ಯಾದೆ ಬಿಡಲಿಲ್ಲ.

ಎಡಕ್ಕೆ, ಅವಳ ಕಡೆ ತಿರುಗಿದವನ ಮೂಗಿಗೆ ಸೆಂಟು ಬಡಿಯಿತು. ಹುಳುವಿಗೆ ಆಗದೆಂದು ಮದುವೆಯಾಗಿ ಬಂದಾಗಿನಿಂದ ಮುಖಕ್ಕೆ ಪೌಡರ್ ಕೂಡ ಹಚ್ಚದವಳ ಮೈಯಲ್ಲಿ ಸೆಂಟು! ಅದೂ ಆ ಮೋಹನ್‌ಬಾಬುವಿನದೇ. ಹೇಗೆ ಅಂಟಿತು? ತಾನು ನೀರು ತರಲು ಹೋದಾಗಲೇ? ಮುಂದೆ ಡ್ರಮ್ ಬಡಿದದ್ದೆಲ್ಲ ಅವನ ಎದೆಗೇ ಬಡಿದಂತಾಯಿತು.

ಅಷ್ಟರಲ್ಲಿ ಯಮ ಒಬ್ಬ ಪಾಪಿಯನ್ನು ಮೇಲೆ ಕಳಿಸಿ ಎಂದ. ಮೋಹನ್‌ಬಾಬು ಕವಿತಳತ್ತ ಕೈ ತೋರಿಸಿದ. ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿಯೇಬಿಟ್ಟಳು.

"ಎಲೈ ಮಾನವಿ, ನಿನ್ನ ಪಾಪವೇನು?"

"ರೇಷ್ಮೆ ಬೆಳಿತೀವಿ ಸ್ವಾಮಿ. ಮಕ್ಕಳಂಗೆ ಹುಳ ಸಾಕಿ, ಬೇಯ್ಸೋರಿಗೆ ಗೂಡು ಮಾರ್ತೀವಿ."

ಬಯಲಿಗೆ ಬಯಲೇ ನಕ್ಕಿತು. ಶಿಕ್ಷೆಯೆಂದು ಯಮ ಹಾಡಲು ಹೇಳಿದ. ಕವಿತ ಕಣ್ಣು ಮುಚ್ಚಿ ಹಾಡಿದಳು. ಯಮನೇ ಗಿಟಾರ್ ಬಾರಿಸುವುದು ಬಿಟ್ಟು ಕೇಳಿದ.

"ಕಾಲೇಜಲ್ಲಿ ಇವಳದೇ ಹಾಡು ಬಾವಾ," ಎಂದ ಮೋಹನ್‌ಬಾಬು.

ಸೆಂಟಿಗಿಂತ ಆ ಮಾತು ಹೆಚ್ಚು ಉರಿಸಿತು. ಇವಳು ಹಾಡುತ್ತಾಳೆಂದು ಅವನಿಗೆ ಗೊತ್ತು. ಕಟ್ಟಿಕೊಂಡ ಗಂಡನಿಗೆ ಗೊತ್ತಿಲ್ಲ.

ದಾರಿಯುದ್ದಕ್ಕೂ ಚಲಪತಿ ಹಳ್ಳ ದಿಣ್ಣೆ ನೋಡದೆ ಬೈಕ್ ಓಡಿಸಿದ. ಮನೆ ತಲುಪಿದಾಗ ತಾಯಿ ರಾಮಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದರು. "ಹುಳ ಆಗ್ಲೇ ಎದ್ದವೆ ಕಣಪ್ಪಾ, ಬೇಗ ಸೊಪ್ಪು ಹಾಕಿ."

ಕವಿತ ಸೊಪ್ಪಿನ ಮಂಕರಿ ಎತ್ತಿಕೊಂಡು ಬಂದಳು. ಚಲಪತಿ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತ.

"ಆ ಸೆಂಟಿನ ಮೈಲಿ ಒಳಗೆ ಬರಬೇಡ."

"ಯಾವ ಸೆಂಟು?"

"ಯಾರ್ದು ಅಂತ ನಿಂಗೇ ಗೊತ್ತು."

ಅವಳು ಅವನ ಮುಖವನ್ನೇ ನೋಡಿದಳು. ಮಂಕರಿ ಇಳಿಸಿ ಹೋದವಳು ತಣ್ಣೀರಲ್ಲೇ ತಲೆಗೆ ಸ್ನಾನ ಮಾಡಿ, ಸೀರೆ ಬದಲಿಸಿ, ನೀರು ತೊಟ್ಟಿಕ್ಕುವ ಕೂದಲಲ್ಲಿ ಬಂದು ನಿಂತಳು.

"ಈಗ ಹೋಯ್ತಾ?"

ಹೋಗಿರಲಿಲ್ಲ. ಅದೇ ಘಮ, ಅಷ್ಟೇ ಘಾಟು. ಚಲಪತಿ ಪೆಚ್ಚಾದ. ಕವಿತ ಅವನ ಅಂಗಿಯ ಎಡಭುಜವನ್ನು ಹಿಡಿದೆಳೆದು ಅವನ ಮೂಗಿಗೇ ಒತ್ತಿದಳು.

"ಅವನು ತಬ್ಕೊಂಡಿದ್ದು ನಿಮ್ಮನ್ನ ಕಣ್ರೀ," ಎಂದಳು. "ನನ್ನನ್ನಲ್ಲ."

ಮಂಕರಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಚಲಪತಿ ನಾಚಿಕೆಯಿಂದ ಕುಗ್ಗಿಹೋದ. ಅಷ್ಟರಲ್ಲಿ ಒಳಗಿಂದ ಹಾಡು ಕೇಳಿಸಿತು. ವೇದಿಕೆಯ ಮೇಲೆ ಹಾಡಿದ್ದೇ, ಈಗ ಮೆಲ್ಲಗೆ, ಸೊಪ್ಪು ಹರಡುತ್ತ ಹುಳುಗಳಿಗೆ ಹಾಡುತ್ತಿದ್ದಳು. ಇನ್ನೂ ಹತ್ತಿರದಿಂದ ಕೇಳಬೇಕೆಂದು ಅವನ ಜೀವ ಹಾತೊರೆಯಿತು. ಆದರೆ ಈ ಅಂಗಿಯಲ್ಲಿ ಒಳಗೆ ಕಾಲಿಡುವ ಹಾಗಿಲ್ಲ. ಓಡಿಹೋಗಿ ಅಂಗಿ ಕಿತ್ತೆಸೆದು, ಗಡಬಡಿಸಿ ನಾಲ್ಕು ಚೊಂಬು ನೀರು ಸುರಿದುಕೊಂಡು ಬಂದು ಬಾಗಿಲು ತಳ್ಳಿದ.

ಹಾಡು ನಿಂತಿತು.

"ಹಾಡೇ, ಕವಿತ," ಎಂದ ಚಲಪತಿ.

"ಆ ಕಡೆ ತಟ್ಟೆಗೆ ಸೊಪ್ಪು ಹಾಕ್ರಿ," ಎಂದಳು ಅವಳು, ತಲೆಯೆತ್ತದೆ.