ಎಡಗೈಯ ಗಂಟು

ಆ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಗೋದಾಮಿನ ಬಾಗಿಲು ಎಲ್ಲಿದೆಯೆಂದು ತಿಳಿಯದೆ ಹೆಂಗಸರು ಮೇಸ್ತ್ರಿಯ ಬೈಗುಳದ ಜಾಡು ಹಿಡಿದೇ ಒಳಗೆ ಬಂದರು.

"ಬನ್ರೇ, ಬನ್ರಿ, ಮಹಾರಾಣೀರು! ಸಂಜೆಗೆ ಮೂವತ್ತು ಚೀಲ ಹೊಲಿಯದ ಮುಂಡೇವು ನಾಳೆ ಈ ಕಡೆ ಮುಖ ಹಾಕ್ಬೇಡಿ!"

ಹರಿದ ಗೋಣಿಚೀಲಗಳನ್ನು ದಬ್ಬಣದಿಂದ ಹೊಲಿದು, ಗಂಟು ಹಾಕಿ, ಬೆನ್ನ ಹಿಂದೆ ಗೋಡೆಗೆ ಒಟ್ಟುವುದು ಅವರ ಕೆಲಸ. ಅವರಲ್ಲಿ ಹದಿನೆಂಟು ವರ್ಷದಿಂದ ಹೊಲಿಯುತ್ತಿದ್ದ ಒಬ್ಬಳಿಗೆ ಚುರುಕಿ ಎಂದೇ ಹೆಸರಾಗಿತ್ತು. ಈಚೆಗೆ ಕಣ್ಣು ಮಸುಕಾಗಿ ದಬ್ಬಣದ ತೂತನ್ನು ಬೆರಳಲ್ಲೇ ಹುಡುಕುತ್ತಿದ್ದಳು. ಆದರೂ ಅವಳ ರಾಶಿ ಒಂದು ದಿನವೂ ಮೂವತ್ತಕ್ಕಿಂತ ಕೆಳಗಿಳಿದಿರಲಿಲ್ಲ.

"ನಮಾಜು ಬಿಡದ ಕೈ ಕಣ್ರೇ ಇದು. ಅಲ್ಲಾಹು ಬರಕತ್ತು ಇಟ್ಟಿದಾನೆ," ಎಂದು ಬೀಗುತ್ತಿದ್ದಳು. ಮನೆಯಲ್ಲಿ ಗಂಡ ಗೋಣಿಯ ಧೂಳು ಕುಡಿದು ಎದೆ ಕೆಟ್ಟು ಮಲಗಿದ್ದ. ಒಲೆ ಉರಿಯುತ್ತಿದ್ದುದು ಆ ಕೈಯಿಂದಲೇ.

ಅವಳ ನಿದ್ದೆ ಕೆಡಿಸಿದ್ದು ಎರಡು ತಿಂಗಳ ಹಿಂದೆ ಸೇರಿದ ಬಾಣಂತಿ. ಕೂಸಿಗೆ ಹಾಲೂಡಿಸಲು ಅವಳು ಹಿತ್ತಲಿಗೆ ಹೋದರೆ ಸಾಕು, ಪಕ್ಕದ ಮುದುಕಿ ತನ್ನದೊಂದು ಚೀಲವನ್ನು ಅವಳ ರಾಶಿಗೆ ಸರಿಸುವಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಯಾರೂ ಮಾತಾಡುತ್ತಿರಲಿಲ್ಲ.

ಚುರುಕಿಗೆ ಹೊಟ್ಟೆಯೊಳಗೆ ಸೆಣಬಿಗೆ ಕಿಡಿ ಬಿದ್ದಂತಾಗುತ್ತಿತ್ತು. ನಾಲ್ಕು ಹೆತ್ತಳಲ್ಲ ತಾನು, ಆಗ ಯಾವಳು ಒಂದು ಚೀಲ ಕೊಟ್ಟಿದ್ದಳು? ನಿನ್ನೆ ಮೊನ್ನೆ ಬಂದವಳಿಗೆ ಏನು ಮರ್ಯಾದೆ, ಏನು ಮುದ್ದು! ಸಜ್ದಾದಲ್ಲಿ ಹಣೆ ನೆಲಕ್ಕಿಟ್ಟಾಗಲೂ ಆ ರಾಶಿಯೇ ಕಣ್ಣಿಗೆ ಕಟ್ಟುತ್ತಿತ್ತು.

ಅಂದು ಇಳಿಹೊತ್ತಿನ ಅಸರ್ ನಮಾಜು ಮುಗಿಸಿದವಳು ನೇರ ಮೇಸ್ತ್ರಿಯ ಬಳಿ ಹೋದಳು.

"ಬಾಣಂತಿ ಎಡಚಿ, ಮೇಸ್ತ್ರಿ. ಅವಳ ಗಂಟು ಎಡಕ್ಕೆ ತಿರುಗಿರುತ್ತೆ. ಅವಳ ರಾಶಿಲಿ ಬಲಗೈ ಗಂಟು ಎಷ್ಟಿವೆ ನೋಡಿ."

ಮೇಸ್ತ್ರಿ ನೋಡಿದ. ಎಂಟು ಚೀಲ ಕಾಲಲ್ಲಿ ಒದ್ದ.

"ಉಳಿದದ್ದು ಇಪ್ಪತ್ತೆರಡು! ಕಳ್ಳಮುಂಡೆ, ಹಡೆದಿದ್ದು ನೀನು, ಹೊಲಿಯೋದು ಊರಿನವರಾ? ನಾಳೆ ಬರಬೇಡ."

ಬಾಣಂತಿ ಸೆರಗಿನಲ್ಲಿ ಕೂಸನ್ನು ಮುಚ್ಚಿಕೊಂಡು ನಿಂತಳು. ಚುರುಕಿಯ ಎದೆ ತಣ್ಣಗಾಯಿತು. ಎಷ್ಟೋ ದಿನದ ಮೇಲೆ ಉಸಿರು ಸಲೀಸಾಗಿ ಆಡಿತು.

ಮೇಸ್ತ್ರಿಗೆ ಆಟ ಹಿಡಿಸಿತ್ತು. ಚುರುಕಿಯ ರಾಶಿಯನ್ನೂ ಕೆದಕಿದ. ಕೆದಕಿದವನು ಬಿದ್ದು ಬಿದ್ದು ನಕ್ಕ.

"ಏ ಚುರುಕಿ, ನಿನ್ನ ಕೈ ಯಾವಾಗ ಎಡಚಾಯ್ತೇ? ಎಡಗಂಟು ಹತ್ತಿವೆ, ಹತ್ತು!"

ಚುರುಕಿ ಕೂತು ಹೆಬ್ಬೆರಳಿನಿಂದ ತಡವಿದಳು. ಗಂಟು ಎಡಕ್ಕೆ ತಿರುಗಿತ್ತು. ಇನ್ನೊಂದು ತಡವಿದಳು. ಅದೂ.

"ಯಾವಾಗ ಇಟ್ರಿ?" ಎಂದಳು.

"ನೀನು ನಮಾಜಿಗೆ ಎದ್ದಾಗ," ಎಂದಳು ಮುದುಕಿ. "ನಿನ್ನ ಕಣ್ಣು ಮಂಜಾದಾಗಿಂದ ನಿನ್ನ ರಾಶಿಗೆ ನಾವೇ ಚೀಲ ಹಾಕ್ತಿದ್ವಿ. ಇವಳು ಬಂದ ಮೇಲೆ, 'ಆ ಅಕ್ಕಂದು ನನಗೆ ಬಿಡಿ' ಅಂದ್ಲು."

"ಹೇಳಬಾರದಿತ್ತಾ?"

"ಹೇಳಿ ಕೊಟ್ರೆ ಅದು ದಾನವೇನೇ, ಸದಕಾ ಏನೇ, ಹುಚ್ಚಿ?"

ಮೇಸ್ತ್ರಿ ಪೆನ್ನು ತೆಗೆದ. "ಹೋಗ್ಲಿ ಬಿಡು. ಸುದ್ದಿ ಕೊಟ್ಟವಳು ನೀನು. ನಿನ್ನದು ಮೂವತ್ತೊಂದು ಅಂತಲೇ ಬರ್ಕೋತೀನಿ. ನಾಳೆ ಬೇಗ ಬಾ."

ಚುರುಕಿ ಒಂದೊಂದೇ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿ, ಎಡಗಂಟಿನ ಚೀಲ ಎತ್ತಿ, ಬಾಣಂತಿಯ ರಾಶಿಯ ಮೇಲೆ ಇಡತೊಡಗಿದಳು.

"ತಲೆ ಕೆಟ್ಟಿದೆಯೇನೇ? ನಿನ್ನದು ಇಪ್ಪತ್ತೊಂದಕ್ಕೆ ಬರುತ್ತೆ, ಮುಂಡೆ! ನಾಳೆ ನಿನ್ನನ್ನೇ ಆಚೆ ಹಾಕ್ತೀನಿ!"

"ಅಕ್ಕಾ, ಬೇಡ," ಎಂದು ಬಾಣಂತಿ ಕೈ ಹಿಡಿದಳು.

ಚುರುಕಿ ಮೆತ್ತಗೆ ಕೈ ಬಿಡಿಸಿಕೊಂಡಳು. ಹತ್ತನೆಯ ಚೀಲವನ್ನೂ ಇಟ್ಟು, ಅಂಚು ಸರಿಮಾಡಿ, ಮೇಲೆ ಅಂಟಿದ್ದ ನಾರನ್ನು ಒರೆಸಿದಳು.