ಮೂರನೇ ಕ್ಯಾಮೆರಾದಲ್ಲಿ ಅಕ್ಕ

ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತಿದ್ದರು. ಟೀವಿ ಚಾನೆಲ್ಲಿನಲ್ಲಿ ಅವಳು ನೇರಪ್ರಸಾರಗಳ ನಿರ್ದೇಶಕಿ, ಎಲ್ಲರಿಗೂ ಮೇಡಂ. ಎಷ್ಟು ದೊಡ್ಡವಳಾದರೂ ಅಕ್ಕನ ಗಂಡನ, ಅಂದರೆ ಭಾವನ, ಹೆಸರು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು.

ಉರಿಯದೆ ಏನು? ಕಾಲೇಜು ಮುಗಿಸಿದ ವರ್ಷ ಅವಳೊಂದು ನಾಟಕ ಕಟ್ಟಿದ್ದಳು. ನಟರನ್ನು ಹುಡುಕಿ, ತಿಂಗಳುಗಟ್ಟಲೆ ತಾಲೀಮು ಮಾಡಿಸಿ, ಯಾರು ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದವಳು ಅವಳೇ. ಮುಖ್ಯ ಪಾತ್ರ ಅಕ್ಕನದು. ಪೋಸ್ಟರ್ ಅಚ್ಚಾಗಿ ಬಂದಾಗ ನೋಡಿದರೆ, ನಿರ್ದೇಶನ ಎಂಬಲ್ಲಿ ತಂಡದ ಯಜಮಾನನಾಗಿದ್ದ ಭಾವನ ಹೆಸರು.

“ಹುಡುಗಿ ಹೆಸರು ನೋಡಿ ಯಾರು ಬರ್ತಾರೆ ಪುಟ್ಟಿ? ಈ ಸಲ ನಂದಿರ್ಲಿ, ಮುಂದಿನ ಸಲ ನಿಂದು,” ಎಂದು ಭಾವ ನಕ್ಕಿದ್ದ. ಕನ್ನಡಿಯ ಮುಂದೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ಅಕ್ಕ ತಿರುಗಿಯೂ ನೋಡಲಿಲ್ಲ.

ಆ ಮುಂದಿನ ಸಲ ಬರಲೇ ಇಲ್ಲ. ಅದೇ ನಾಟಕದ ಹೆಸರು ಹೇಳಿಕೊಂಡು ಭಾವ ಸಿನಿಮಾಕ್ಕೆ ಹೋದ, ದೊಡ್ಡ ಮನುಷ್ಯನಾದ. ಈಗ ನಾಟಕಕ್ಕೆ ಇಪ್ಪತ್ತೈದು ವರ್ಷ. ಮರುಪ್ರದರ್ಶನ, ಭಾವನಿಗೆ ಸನ್ಮಾನ. ಪ್ರಸಾರದ ಕೆಲಸ ಇವಳ ಚಾನೆಲ್ಲಿಗೇ ಬಂತು. ಬೇರೆಯವರಿಗೆ ಒಪ್ಪಿಸಲೇ ಎಂದು ಮುಖ್ಯಸ್ಥರು ಕೇಳಿದರು.

“ಬೇಡ ಸರ್, ಮನೆಯವರ ಕೆಲಸ. ನಾನೇ ಮಾಡ್ತೀನಿ,” ಎಂದಳು.

ನಾಟಕ ಚೆನ್ನಾಗಿಯೇ ಆಯಿತು. ಚಪ್ಪಾಳೆ, ಹಾರ. ನಿರೂಪಕಿ ಭಾವನನ್ನು ವೇದಿಕೆಯ ಮೇಲೆ ಮಾತಾಡಿಸುತ್ತಿದ್ದಳು. ರಂಗಮಂದಿರದ ಹಿಂದೆ ನಿಂತ ಪ್ರಸಾರದ ವ್ಯಾನಿನಲ್ಲಿ ಪುಟ್ಟಿ ಮೈಕಿನಲ್ಲಿ ನಿರೂಪಕಿಯ ಕಿವಿಯಲ್ಲಿದ್ದ ಇಯರ್‌ಫೋನಿಗೆ ಹೇಳಿದಳು: “ಇದನ್ನ ಮೊದಲು ನಿರ್ದೇಶನ ಮಾಡಿದ್ದು ನಿಮ್ಮ ನಾದಿನಿಯಂತೆ, ಹೌದಾ ಅಂತ ಕೇಳು.”

ನಿರೂಪಕಿ ತಡವರಿಸಿದಳು, ಆದರೂ ಕೇಳಿದಳು.

“ಅಯ್ಯೋ, ಅವಳಾ?” ಭಾವ ನಕ್ಕುಬಿಟ್ಟ. “ಪರದೆ ಎಳೀತಿದ್ಲು, ಟೀ ತರ್ತಿದ್ಲು. ಬೇಕಾದ್ರೆ ನನ್ನ ಹೆಂಡ್ತೀನೇ ಕೇಳಿ, ಅಲ್ಲೇ ಕೂತಿದ್ದಾಳೆ.”

“ಕ್ಯಾಮೆರಾ ಮೂರು,” ಎಂದಳು ಪುಟ್ಟಿ.

ವ್ಯಾನಿನ ಟೀವಿ ಪರದೆಯ ತುಂಬ ಅಕ್ಕನ ಮುಖ. ಯಾರೋ ಅವಳ ಕೈಗೆ ಮೈಕು ಕೊಟ್ಟರು. ಅಕ್ಕ ತಲೆ ತಗ್ಗಿಸಿದಳು.

“ಹತ್ತಿರ ಹೋಗು. ಇನ್ನೂ ಹತ್ತಿರ,” ಎಂದಳು ಪುಟ್ಟಿ ಕ್ಯಾಮೆರಾದವನಿಗೆ.

“ಮೇಡಂ, ಅಳ್ತಿದ್ದಾರೆ,” ಎಂದ ಪಕ್ಕದಲ್ಲಿದ್ದ ಇಂಜಿನಿಯರ್. “ಬದಲಾಯಿಸ್ಲಾ?”

“ಕೈ ತೆಗೀರಿ. ಅಲ್ಲೇ ಇರ್ಲಿ.”

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಕೊನೆಗೂ ಬಾಯಿಬಿಟ್ಟಳು. “ಪುಟ್ಟೀನೇ ಮಾಡ್ಸಿದ್ದು. ಎಲ್ಲಾನೂ ಅವಳೇ.”

“ಒಂದು,” ಎಂದಳು ಪುಟ್ಟಿ. ಈಗ ಭಾವನ ಮುಖ. ಅವನ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ತುಟಿಯ ಮೇಲೇ ಸತ್ತಿತ್ತು. ಹಾರ ತೆಗೆದು ಅವನು ವೇದಿಕೆ ಇಳಿಯುವ ತನಕ ಅವಳು ಕ್ಯಾಮೆರಾ ಅಲುಗಿಸಲು ಬಿಡಲಿಲ್ಲ.

ಆಮೇಲೆ ಹಳೆಯ ನಟರು ಒಬ್ಬೊಬ್ಬರಾಗಿ ಪತ್ರಿಕೆಗಳಿಗೆ ಸತ್ಯ ಹೇಳಿದರು. ಭಾವನ ಹೊಸ ಸಿನಿಮಾದ ನಿರ್ಮಾಪಕ ಹಿಂದೆ ಸರಿದ.

ಅಕ್ಕ ಫೋನ್ ಮಾಡಿದಳು. “ಅವರ ಮೇಲೆ ಸಿಟ್ಟಿದ್ರೆ ಅವರನ್ನ ತೋರಿಸ್ಬೇಕಿತ್ತು ಕಣೇ. ನನ್ನ ಯಾಕೆ ಬೀದಿಗೆಳೆದೆ?”

“ಭಾವ ಹೊರಗಿನೋನು, ಅಕ್ಕ. ನೀನು ನನ್ನೋಳಾಗಿದ್ದೆ. ಇಷ್ಟು ವರ್ಷ ಬಾಯಿ ಮುಚ್ಕೊಂಡು ಕೂತಿದ್ದೆ.”

ಅಕ್ಕ ಫೋನ್ ಇಟ್ಟವಳು ಮತ್ತೆ ಮಾಡಲಿಲ್ಲ. ಇವತ್ತು ಸಂಕಟವಾದೀತು, ನಾಳೆ ಆದೀತು ಎಂದು ಪುಟ್ಟಿ ಕಾದಳು. ಆಗಲಿಲ್ಲ. ಹೊಟ್ಟೆ ತಣ್ಣಗಾಗಿತ್ತು. ಚಾನೆಲ್ಲಿಗೆ ರಜೆ ಹಾಕಿ, ಹೊಸ ನಾಟಕಕ್ಕೆ ನಟರನ್ನು ಹುಡುಕಲು ಹೊರಟಳು.