ಸೀಮೆಸುಣ್ಣದ ಅಕ್ಷರ

ಆಲೂಗಡ್ಡೆಗೆ ಚಳಿ ಬಡಿಯಬಾರದು. ಅಮೆರಿಕದ ಈ ನಮ್ಮ ಉತ್ತರ ಮೇಯ್ನ್‌ನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಅದಕ್ಕೇ ನಮ್ಮ ರೈಲು ಲೈನಿನಲ್ಲಿ ಆಲೂಗಡ್ಡೆ ತುಂಬಿದ ಪ್ರತಿ ವ್ಯಾಗನ್ನಿನ ಹೊಟ್ಟೆಯಡಿ ಒಂದು ಸ್ಪಿರಿಟ್ ಒಲೆ ಇರುತ್ತಿತ್ತು. ಅದನ್ನು ತುಂಬಿಸಿ ಹಚ್ಚುವುದು ನನ್ನ ಕೆಲಸವಾಗಿತ್ತು. ಅಪ್ಪನದೂ ಅದೇ ಕೆಲಸ. ಅವರ ಕಾಲಕ್ಕೆ ಸ್ಪಿರಿಟ್ಟಲ್ಲ, ಇದ್ದಿಲು.

ಅಪ್ಪನ ಕಾಲದ ಚಳಿಗಾಲವೆಂದರೆ ದಿನಕ್ಕೆ ನಾಲ್ಕು ಗೂಡ್ಸು, ಒಂದೊಂದಕ್ಕೂ ನೂರು ವ್ಯಾಗನ್ನು. ಒಲೆಯವನೊಬ್ಬ ಗಾರ್ಡಿನ ಡಬ್ಬಿಯಲ್ಲಿ ಕೂತು ಬಾಸ್ಟನ್‌ವರೆಗೂ ಜೊತೆಗೆ ಹೋಗುತ್ತಿದ್ದ. ಆಮೇಲೆ ಕಂಪನಿ ಅವನನ್ನು ಇಳಿಸಿತು. ಅವನ ಬದಲಿಗೆ ಬಂದದ್ದು ಸೀಮೆಸುಣ್ಣ. ಒಲೆ ತುಂಬಿಸಿದವನು ಬಾಗಿಲ ಕೆಳಗೆ ತಾರೀಖು ಮತ್ತು ತನ್ನ ಹೆಸರಿನ ಮೊದಲಕ್ಷರ ಬರೆಯಬೇಕಿತ್ತು. ಒಮ್ಮೆ ತುಂಬಿಸಿದರೆ ಐದು ದಿನ ಉರಿ. ದಕ್ಷಿಣದ ಜಂಕ್ಷನ್ನಿನಲ್ಲಿ, ನಮ್ಮ ವ್ಯಾಗನ್ನುಗಳನ್ನು ಅಲ್ಲಿಂದ ಮುಂದೆ ಎಳೆಯುವ ದೊಡ್ಡ ಕಂಪನಿಯವರ ಒಲೆಯವನು ಅದನ್ನು ಓದಿ, ಮತ್ತೆ ತುಂಬಿಸಿ, ಕೆಳಗೆ ತನ್ನ ಅಕ್ಷರ ಬರೆಯುತ್ತಿದ್ದ.

ನನ್ನ ಹೆಸರು ಓಡಿಲಾನ್. ಹನ್ನೊಂದು ವರ್ಷ ನನ್ನ 'ಓ' ಕೆಳಗೆ ಒಬ್ಬ 'ಡಬ್ಲ್ಯು' ಬರೆಯುತ್ತಿದ್ದ. ಅವನ ಮುಖ ನಾನು ನೋಡಿಲ್ಲ. ಕ್ರಿಸ್‌ಮಸ್ ಹತ್ತಿರ ಬಂದರೆ ಅಕ್ಷರದ ಪಕ್ಕ ಪುಟ್ಟ ಗಂಟೆಯೊಂದನ್ನು ಬಿಡಿಸುತ್ತಿದ್ದ. ಖಾಲಿ ವ್ಯಾಗನ್ನು ವಾಪಸ್ ಬಂದಾಗ ನಾನು ಮೊದಲು ಹುಡುಕುತ್ತಿದ್ದದ್ದು ಅದನ್ನೇ.

ಅರವತ್ತೊಂಬತ್ತರ ನವೆಂಬರಿನಲ್ಲಿ ವ್ಯಾಗನ್ನುಗಳು ನನ್ನ 'ಓ' ಒಂದನ್ನೇ ಹೊತ್ತು ವಾಪಸ್ ಬರತೊಡಗಿದವು. ಯಾರ್ಡ್ ಮಾಸ್ತರರನ್ನು ಕೇಳಿದೆ. ಜಂಕ್ಷನ್ನಿನ ಆ ಮನುಷ್ಯ ರಿಟೈರ್ ಆದ, ಅವನ ಜಾಗಕ್ಕೆ ಯಾರನ್ನೂ ಹಾಕಿಲ್ಲ, ಗಾಡಿ ಹೇಗೂ ನಾಲ್ಕು ದಿನಕ್ಕೆ ಬಾಸ್ಟನ್ ಮುಟ್ಟುತ್ತದೆ, ನಿನಗ್ಯಾಕೆ ಚಿಂತೆ ಎಂದರು. ನಾನೂ ಸುಮ್ಮನಾದೆ.

ಜನವರಿಯಲ್ಲಿ ನನ್ನ ಹೆಂಡತಿ ಅಲ್ಬರ್ಟೀನಳ ತಮ್ಮ ಕ್ಲೋವಿಸ್ ಊಟಕ್ಕೆ ಬಂದ. ಅವನ ನೆಲಮಾಳಿಗೆಯಲ್ಲಿ ಆ ವರ್ಷದ ಇಡೀ ಬೆಳೆ ಇತ್ತು, ನಾಲ್ಕು ವ್ಯಾಗನ್ನಿನಷ್ಟು. ಅಕ್ಕಪಕ್ಕದವರೆಲ್ಲ ಲಾರಿಗೆ ತಿರುಗಿದ್ದರು. ಅವನಿಗೂ ಮನಸ್ಸು ಅತ್ತಲೇ.

"ನಿಮ್ಮ ರೈಲಿಗಿಂತ ನಮ್ಮಜ್ಜಿ ಬೇಗ ಹೋಗ್ತಾಳೆ ಭಾವ. ಅವಳು ಸತ್ತು ಆರು ವರ್ಷ ಆಯ್ತು."

"ಲಾರಿ ಹಿಮದಲ್ಲಿ ಹಳ್ಳಕ್ಕೆ ಬಿದ್ರೆ ಎತ್ತೋಕೆ ಅವಳನ್ನೇ ಕರಿ," ಎಂದಳು ಅಲ್ಬರ್ಟೀನ್, ಅವನ ತಟ್ಟೆಗೆ ಇನ್ನೊಂದು ಪ್ಲೋಯ್ ದೋಸೆ ಹಾಕುತ್ತ.

ಕ್ಲೋವಿಸ್ ನಕ್ಕು ನನ್ನ ಕಡೆ ತಿರುಗಿದ. "ನೀವೇ ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ."

ಆ ವಾರ ನಮ್ಮ ಯಾರ್ಡಿಗೆ ಬರಲಿದ್ದದ್ದೇ ಹತ್ತೊಂಬತ್ತು ವ್ಯಾಗನ್ನು, ಅದೂ ಇವನವನ್ನು ಸೇರಿಸಿ. ಜಂಕ್ಷನ್ನಿನ ಸಂಗತಿ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅವನೂ ಲಾರಿಗೆ ತಿರುಗುತ್ತಿದ್ದ. "ರೈಲಿಗೇ ಹಾಕು. ನಿನ್ನ ಒಲೆ ನಾನೇ ಹಚ್ತೀನಿ," ಎಂದೆ.

ಹಚ್ಚಿದೆ. ತುಳುಕುವಷ್ಟು ತುಂಬಿಸಿದೆ. ಯಾವತ್ತಿಗಿಂತ ದೊಡ್ಡದಾಗಿ 'ಓ' ಬರೆದೆ, ಯಾರಾದರೂ ಓದಲಿ ಎಂದು.

ಜಂಕ್ಷನ್ನಿನಲ್ಲಿ ಇಂಜಿನ್ ಇಲ್ಲದೆ ಗಾಡಿ ಒಂಬತ್ತು ದಿನ ನಿಂತಿತು. ನಾನು ದಿನಾ ಸ್ಟೇಷನ್ನಿನಿಂದ ಫೋನ್ ಮಾಡಿಸಿದೆ. ಆ ಕಡೆಯವರು ಹುಡುಕುತ್ತೇವೆ ಅನ್ನುತ್ತಿದ್ದರು, ನಾಲ್ಕು ವ್ಯಾಗನ್ನು ಜೇಬಿನಿಂದ ಬಿದ್ದುಹೋದ ಸೂಜಿಗಳೋ ಎಂಬಂತೆ. ಕೊನೆಗೆ ಕ್ಲೋವಿಸ್ ತಾನೇ ಬಾಸ್ಟನ್ನಿಗೆ ಹೋದ. ಬಾಗಿಲು ತೆಗೆದಾಗ ಹಲಗೆಗಳ ಸಂದಿಯಿಂದ ಕಪ್ಪು ನೀರು ಸುರಿಯಿತಂತೆ. ಆ ಆಲೂಗಡ್ಡೆಯನ್ನು ಮಾರುಕಟ್ಟೆಯೊಳಗೂ ಬಿಡಲಿಲ್ಲವಂತೆ.

ವಾಪಸ್ ಬಂದವನು ಸೀದಾ ನಮ್ಮ ಮನೆಗೆ ಬಂದ. ಕೋಟು ಬಿಚ್ಚಲಿಲ್ಲ.

"ಅಲ್ಲಿಯ ಕೂಲಿಯವನೊಬ್ಬ ಹೇಳಿದ, ಜಂಕ್ಷನ್ನಲ್ಲಿ ಒಲೆ ನೋಡೋರು ಶರತ್ಕಾಲದಿಂದಲೇ ಇಲ್ವಂತೆ. ನಿಮಗೆ ಗೊತ್ತಿತ್ತಾ ಭಾವ?"

ಅಲ್ಬರ್ಟೀನ್ ನನ್ನ ಮುಖ ನೋಡಿದಳು. ಇಲ್ಲ ಎಂದುಬಿಡು ಎಂದು ಅವಳ ಕಣ್ಣು ಬೇಡುತ್ತಿತ್ತು.

"ಗೊತ್ತಿತ್ತು," ಎಂದೆ.

ಅವನು ಅಕ್ಕನ ಭುಜ ಮುಟ್ಟಿ ಹೊರಟುಹೋದ.

ಅಂದಿನಿಂದ ಅವನು ಅಕ್ಕನನ್ನು ನೋಡಲು ಬರುವುದು ನಾನು ಡ್ಯೂಟಿಯಲ್ಲಿರುವಾಗ ಮಾತ್ರ. ಅವನು ಬಂದಿದ್ದ ದಿನ ಸಿಂಕಿನಲ್ಲಿ ಎರಡು ಕಾಫಿ ಕಪ್‌ಗಳು ಇರುತ್ತಿದ್ದವು. ಫೆಬ್ರವರಿಯಲ್ಲಿ ಗಾಡಿಗಳು ಕಡಿಮೆಯಾಗಿ ನನ್ನ ಡ್ಯೂಟಿ ವಾರಕ್ಕೆ ಮೂರು ದಿನಕ್ಕೆ ಇಳಿಯಿತು. ಅವನು ಬರುವುದೂ ಇಳಿಯಿತು. ಮಾರ್ಚಿನಲ್ಲಿ ನನ್ನ ಡ್ಯೂಟಿ ಮಂಗಳವಾರ ಒಂದಕ್ಕೆ ಬಂತು. ಆ ದಿನ ತಮ್ಮ ಬರುತ್ತಾನೆಂದು ಬೆಳಗಾಗೆದ್ದು ಅಲ್ಬರ್ಟೀನ್ ತಲೆ ಬಾಚಿಕೊಳ್ಳುತ್ತಿದ್ದಳು.

ಏಪ್ರಿಲಿನಲ್ಲಿ ಒಲೆಗಳನ್ನೆಲ್ಲ ಗುಜರಿಗೆ ಹಾಕಿ ನನ್ನನ್ನು ಮನೆಗೆ ಕಳಿಸಿದರು. ಮಂಗಳವಾರ ಬಂತು, ಹೋಯಿತು, ಕ್ಲೋವಿಸ್ ಬರಲಿಲ್ಲ. ಎರಡನೆಯದೂ ಹೋಯಿತು. ಮೂರನೆಯ ಮಂಗಳವಾರ ನಾನು ಬೂಟು ಹಾಕಿಕೊಂಡು, ಹೊರಗೆ ಹೋಗಿ ಸಂಜೆ ಬರುತ್ತೇನೆ, ಅವನಿಗೆ ಹೇಳಿ ಕಳಿಸು ಎಂದೆ.

ಅವಳು ಕಿಟಕಿಯಿಂದ ತಿರುಗಲೂ ಇಲ್ಲ.

"ಹೋಗೋಕೆ ನಿಮಗೆ ಜಾಗ ಎಲ್ಲಿದೆ?"

ನಾನು ಬಾಗಿಲಲ್ಲೇ ಕೂತು ಬೂಟು ಬಿಚ್ಚಿದೆ.